ಕತ್ತೆಗಳು ಕಾಯ್ದ ಊರು

ನಲವತ್ತು ಅಡಿಗಿಂತ ಉದ್ದದ ವಾಹನಗಳಿಗೆ ಈ ದಾರಿಯಲ್ಲಿ ಪ್ರವೇಶವಿಲ್ಲ. ಅಮೆರಿಕದ ಅರಿಜೋನಾ ರಾಜ್ಯದ ಕಿಂಗ್‌ಮನ್ ಪಟ್ಟಣದಿಂದ ಓಟ್‌ಮನ್ ಕಡೆಗೆ ಹೊರಟವರಿಗೆ ಬೆಟ್ಟ ಹತ್ತುವ ಮೊದಲೇ ಈ ಎಚ್ಚರಿಕೆ ಸಿಗುತ್ತದೆ. ಹದಿನೆಂಟು ಚಕ್ರದ ಲಾರಿಗಳೂ ಮನೆಯಷ್ಟು ದೊಡ್ಡ ಪ್ರವಾಸಿ ವ್ಯಾನುಗಳೂ ರಾಜಾರೋಷವಾಗಿ ಓಡಾಡುವ ದೇಶವಿದು. ಅಲ್ಲಿ ಒಂದು ಕಾಲದ ರಾಷ್ಟ್ರೀಯ ಹೆದ್ದಾರಿಗೇ ಇಂಥ ಫಲಕ ಹಾಕಿದ್ದಾರೆಂದರೆ ಆ ರಸ್ತೆ ಎಂಥದಿರಬೇಕು! ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಬಸ್ಸಿನ ಕಿಟಕಿ ಪಕ್ಕ ಕೂತು ಬೆಳೆದವರಿಗೆ ತಿರುವುಗಳ ಭಯವೇನೂ ಆಗದು. ಆದರೆ ಅಲ್ಲಿ ಕೆಳಗೆ ಇಣುಕಿದರೆ ಕಾಡು. ಇಲ್ಲಿ ಬರೀ ಕಲ್ಲು; ಆ ಕಲ್ಲುಗಳ ನಡುವೆ ಎಂದೋ ಉರುಳಿಬಿದ್ದು ತುಕ್ಕು ಹಿಡಿದ ಹಳೇ ಕಾರುಗಳು.

ಲಾಸ್ ವೇಗಸ್‌ನಿಂದ ಕಿಂಗ್‌ಮನ್‌ಗೆ ಸುಮಾರು 170 ಕಿಲೋಮೀಟರ್. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬರುವ ನಮ್ಮವರು ಈ ಕಡೆ ಸುತ್ತುವ ಜಾಗಗಳ ಪಟ್ಟಿ ಬಹುತೇಕ ಒಂದೇ. ವೇಗಸ್‌ನ ದೀಪಗಳು, ಹೂವರ್ ಅಣೆಕಟ್ಟು, ಗ್ರ್ಯಾಂಡ್ ಕ್ಯಾನ್ಯನ್, ಅಲ್ಲಿಗೆ ಮುಗಿಯಿತು. ಕಿಂಗ್‌ಮನ್ ಅದೇ ದಾರಿಯಲ್ಲಿ ಸಿಗುತ್ತದೆ. ಪೆಟ್ರೋಲು ಹಾಕಿಸಿಕೊಂಡು, ಕಾಫಿ ಕುಡಿದು ಮುಂದೆ ಹೋಗುತ್ತಾರೆ. ಅಲ್ಲಿಂದ ಬರೀ ನಲವತ್ತೈದು ಕಿಲೋಮೀಟರ್ ದೂರದಲ್ಲಿ, ಬ್ಲ್ಯಾಕ್ ಮೌಂಟನ್ಸ್ ಎಂಬ ಬೋಳು ಬೆಟ್ಟಗಳ ಸಾಲಿನ ಆಚೆ ಮಗ್ಗುಲಲ್ಲಿ ಓಟ್‌ಮನ್ ಇದೆ. ಒಂದು ಕಾಲಕ್ಕೆ ಚಿನ್ನದ ಊರು. ಇಂದು ಅಲ್ಲಿ ಖಾಯಂ ವಾಸ ಮಾಡುವವರು ನೂರರ ಆಸುಪಾಸು. ಅದಕ್ಕಿಂತ ಹೆಚ್ಚು ಪ್ರಸಿದ್ಧರು ಬೀದಿಯಲ್ಲಿ ಅಡ್ಡಾಡುವ ಕತ್ತೆಗಳು.

"ಮಾವ, ಕತ್ತೆ ನೋಡೋಕೆ ಯಾರಾದ್ರೂ ಅಮೆರಿಕಕ್ಕೆ ಬರ್ತಾರಾ?" ಎಂದು ಕಾರು ಓಡಿಸುತ್ತಿದ್ದ ನನ್ನ ಸೋದರಳಿಯ ನಗುತ್ತಲೇ ಕೇಳಿದ. ಬರುತ್ತಾರೆ. ಜರ್ಮನಿಯಿಂದ, ಜಪಾನಿನಿಂದ ಬರುತ್ತಾರೆ, ಬಾಡಿಗೆಗೆ ಹಾರ್ಲೆ ಬೈಕು ಹಿಡಿದು ಗುಂಪುಗುಂಪಾಗಿ ಬರುತ್ತಾರೆ. ಅವರನ್ನು ಎಳೆದು ತರುವುದು ಮೊದಲು ರಸ್ತೆ, ಆಮೇಲೆ ಕತ್ತೆ. ಚಿನ್ನ ನೆನಪಾಗುವುದು ಕೊನೆಗೆ.

ರಸ್ತೆಯ ಹೆಸರು ರೂಟ್ 66. ಶಿಕಾಗೊದಿಂದ ಕ್ಯಾಲಿಫೋರ್ನಿಯಾದವರೆಗೆ ಸುಮಾರು 3,900 ಕಿಲೋಮೀಟರ್ ಸಾಗುವ ಈ ಹೆದ್ದಾರಿಗೆ 66 ಎಂಬ ಸಂಖ್ಯೆ ಅಧಿಕೃತವಾಗಿ ಸಿಕ್ಕಿದ್ದು 1926ರ ನವೆಂಬರ್‌ನಲ್ಲಿ. ಸಿಕ್ಕಾಗ ಅದರ ಬಹುಭಾಗ ಮಣ್ಣುದಾರಿಯೇ. 1930ರ ದಶಕದಲ್ಲಿ ಮಧ್ಯ ಅಮೆರಿಕದ ಬಯಲುಗಳಲ್ಲಿ ಬರ ಬಿದ್ದು, ಧೂಳಿನ ಬಿರುಗಾಳಿ ಹೊಲಗಳನ್ನೇ ಹೊತ್ತೊಯ್ದಾಗ, ಸಾಲಕ್ಕೆ ಜಮೀನು ಕಳೆದುಕೊಂಡ ರೈತ ಕುಟುಂಬಗಳು ಹಾಸಿಗೆ ಪಾತ್ರೆಗಳನ್ನು ಡಕೋಟಾ ಗಾಡಿಗಳ ಮೇಲೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ಹಣ್ಣಿನ ತೋಟಗಳಿಗೆ ಕೂಲಿಗೆ ಹೊರಟಿದ್ದು ಇದೇ ದಾರಿಯಲ್ಲಿ. ಜಾನ್ ಸ್ಟೈನ್‌ಬೆಕ್ ತನ್ನ ಕಾದಂಬರಿಯಲ್ಲಿ ಅದನ್ನು ತಾಯಿರಸ್ತೆ ಎಂದು ಕರೆದ. ಆ ಹೆಸರು ಇವತ್ತಿಗೂ ಅಂಗಡಿಗಳ ಬೋರ್ಡಿನ ಮೇಲಿದೆ. ಆ ಕುಟುಂಬಗಳು ದಾಟಬೇಕಿದ್ದ ಕಡೆಯ ದೊಡ್ಡ ಬೆಟ್ಟಗಳಲ್ಲಿ ಓಟ್‌ಮನ್‌ನ ಬೆಟ್ಟವೂ ಒಂದು. ಅದಾದ ಮೇಲೆ ಕೊಲರಾಡೊ ನದಿ, ನದಿಯಾಚೆ ಕ್ಯಾಲಿಫೋರ್ನಿಯಾ. ದಾಟಿದರೂ ಸುಖವೇನಿರಲಿಲ್ಲ, ಮುಂದೆ ಮೊಹಾವೆ ಮರುಭೂಮಿಯ ಉಳಿದ ಭಾಗ ಬಾಯಿ ತೆರೆದು ಕೂತಿತ್ತು.

ನಾಲ್ಕು ಪಥದ ಅಂತರರಾಜ್ಯ ಹೆದ್ದಾರಿಗಳು ಬಂದ ಮೇಲೆ 66 ತುಂಡುತುಂಡಾಗಿ ಸತ್ತಿತು. 1985ರಲ್ಲಿ ಅಧಿಕೃತ ಪಟ್ಟಿಯಿಂದಲೇ ಹೆಸರು ಹೊಡೆದುಹಾಕಿದರು. ಇಂದು ಅದು ನಕ್ಷೆಯ ಮೇಲೆ ಮತ್ತೆ ಕಾಣುವುದಕ್ಕೆ ಕಾರಣರಾದವರಲ್ಲಿ ಒಬ್ಬರು ಸೆಲಿಗ್‌ಮನ್ ಎಂಬ ಪುಟ್ಟ ಊರಿನ ಕ್ಷೌರಿಕ ಏಂಜೆಲ್ ಡೆಲ್ಗಡಿಯೊ. 1978ರ ಸೆಪ್ಟೆಂಬರ್ 22ರಂದು ಹೊಸ ಹೆದ್ದಾರಿ ತೆರೆದು, ಅವರ ಅಂಗಡಿಯ ಮುಂದಿನ ವಾಹನಗಳ ಸಾಲು ಅದೇ ದಿನ ನಿಂತುಹೋಯಿತು. ಅವರು ಸುಮ್ಮನೆ ಕೂರಲಿಲ್ಲ. 1987ರಲ್ಲಿ ನಾಲ್ಕಾರು ಊರಿನವರನ್ನು ಸೇರಿಸಿ ಸಂಘ ಕಟ್ಟಿದರು, ಅದೇ ವರ್ಷ ಅರಿಜೋನಾ ಸರ್ಕಾರದಿಂದ 'ಚಾರಿತ್ರಿಕ ರಸ್ತೆ' ಎಂಬ ಮಾನ್ಯತೆ ಗಿಟ್ಟಿಸಿದರು. ಮಕ್ಕಳೊಂದಿಗೆ 'ಕಾರ್ಸ್' ಅನಿಮೇಷನ್ ಚಿತ್ರ ನೋಡಿದವರಿಗೆ ರೇಡಿಯೇಟರ್ ಸ್ಪ್ರಿಂಗ್ಸ್ ಎಂಬ ಮರೆತುಹೋದ ಊರು ನೆನಪಿರಬಹುದು. ಅದರ ಹಿಂದೆ ಇಂಥ ಊರುಗಳ ಕಥೆಯಿದೆ, ಏಂಜೆಲ್ ಅವರ ಮಾತೂ ಇದೆ.

ಕಿಂಗ್‌ಮನ್‌ನಲ್ಲಿ ಹಳೆಯ ವಿದ್ಯುತ್ ಕೇಂದ್ರದ ಕಟ್ಟಡವನ್ನು ರೂಟ್ 66 ಮ್ಯೂಸಿಯಂ ಮಾಡಿದ್ದಾರೆ. ಹೊತ್ತಿದ್ದರೆ ನೋಡಬಹುದು, ನನಗೆ ರಸ್ತೆಯನ್ನು ಗಾಜಿನೊಳಗೆ ನೋಡುವ ತಾಳ್ಮೆ ಇರಲಿಲ್ಲ.

ಪಟ್ಟಣ ಬಿಟ್ಟ ಮೇಲೆ ಒಂದಷ್ಟು ದೂರ ಸ್ಯಾಕ್ರಮೆಂಟೊ ಕಣಿವೆ. ಕಣಿವೆ ಎಂದರೆ ನಾವು ಅಂದುಕೊಳ್ಳುವ ಕಣಿವೆಯಲ್ಲ. ತಟ್ಟೆಯಂಥ ಬಯಲು, ಗೆರೆ ಎಳೆದಂತೆ ರಸ್ತೆ. ಮರುಭೂಮಿ ಎಂದಾಕ್ಷಣ ಮರಳಿನ ದಿಬ್ಬಗಳನ್ನು ನಿರೀಕ್ಷಿಸಿದವರಿಗೆ ನಿರಾಸೆಯಾದೀತು. ಇದು ಕುರುಚಲು ಮರುಭೂಮಿ. ಎಲ್ಲಿ ನೋಡಿದರೂ ಸೊಂಟದೆತ್ತರದ ಕ್ರಿಯೊಸೋಟ್ ಪೊದೆ, ಒಂದಕ್ಕೊಂದು ಜಗಳವಾಡಿದಂತೆ ದೂರದೂರ ನಿಂತಿದೆ. ಎಲೆಗೆ ಅಂಟು ಲೇಪನವಿದೆ, ನೀರು ಆರದಿರಲೆಂದು. ಮಳೆ ಬಿದ್ದಾಗ ಈ ಪೊದೆಯಿಂದ ಏಳುವ ವಾಸನೆಯೇ ಇಲ್ಲಿಯವರಿಗೆ ಮಳೆಯ ವಾಸನೆ. ಎಲೆಯನ್ನು ಅಂಗೈಯಲ್ಲಿ ಉಜ್ಜಿ, ಬಾಯಿಂದ ಬಿಸಿಯುಸಿರು ಬಿಟ್ಟರೆ ಆ ವಾಸನೆ ಅರೆಕ್ಷಣ ಮೂಗಿಗೆ ಬಡಿಯುತ್ತದೆ. ಡಾಂಬರು ಮತ್ತು ಔಷಧಿಯಂಗಡಿ ಬೆರೆತ ಹಾಗೆ. ಪೊದೆಗಳ ನಡುವೆ ಅಲ್ಲಲ್ಲಿ ಚೋಯಾ ಕಳ್ಳಿ. ದೂರದಿಂದ ಮೃದುವಾಗಿ, ತುಪ್ಪಳ ಹೊದ್ದ ಹಾಗೆ ಕಾಣುತ್ತದೆ. ಮುಟ್ಟಬೇಕಿಲ್ಲ, ಪಕ್ಕದಲ್ಲಿ ಹಾದರೂ ಸಾಕು, ಅದರ ತುಂಡೊಂದು ಕಳಚಿ ಪ್ಯಾಂಟಿಗೆ ಕಚ್ಚಿಕೊಳ್ಳುತ್ತದೆ. ಕೈಯಲ್ಲಿ ಕೀಳಲು ಹೋದರೆ ಕೈಗೆ ಹತ್ತುತ್ತದೆ. ಬಲ್ಲವರು ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಂಡಿರುತ್ತಾರೆ; ಅದರ ಹಲ್ಲು ಸೇರಿಸಿ ಎಗರಿಸಿಬಿಡುವುದು. ಫೋಟೋಗೆಂದು ರಸ್ತೆಯಿಂದ ನಾಲ್ಕು ಹೆಜ್ಜೆ ಇಳಿದ ಅಳಿಯನಿಗೆ ಈ ವಿದ್ಯೆ ಅಲ್ಲೇ ಕಲಿಯಬೇಕಾಯಿತು.

ಬಯಲು ಮುಗಿದು ಬೆಟ್ಟ ಶುರುವಾಗುವ ಜಾಗದಲ್ಲಿ ಕೂಲ್ ಸ್ಪ್ರಿಂಗ್ಸ್ ಎಂಬ ಕಲ್ಲಿನ ಪೆಟ್ರೋಲ್ ಬಂಕ್. 1920ರ ದಶಕದ್ದು, 1960ರ ದಶಕದಲ್ಲಿ ಸುಟ್ಟುಹೋಗಿ ಕಲ್ಲಿನ ಕಂಬಗಳು ಮಾತ್ರ ಉಳಿದಿದ್ದವು. 'ಯೂನಿವರ್ಸಲ್ ಸೋಲ್ಜರ್' ಎಂಬ ಹಾಲಿವುಡ್ ಚಿತ್ರದವರು ಬಂದು ಆ ಅವಶೇಷದ ಮೇಲೆ ಸೆಟ್ ಕಟ್ಟಿ, ಕ್ಯಾಮೆರಾ ಮುಂದೆ ಸ್ಫೋಟಿಸಿಹೋದರು. ಈ ಶತಮಾನದ ಆರಂಭದಲ್ಲಿ ರಸ್ತೆಯ ಅಭಿಮಾನಿಯೊಬ್ಬರು ಜಾಗ ಕೊಂಡು ಹಳೆಯ ಫೋಟೋಗಳನ್ನು ನೋಡಿಕೊಂಡೇ ಮತ್ತೆ ಎಬ್ಬಿಸಿದ್ದಾರೆ. ಪಂಪುಗಳಿವೆ, ಪೆಟ್ರೋಲಿಲ್ಲ. ತಂಪು ಪಾನೀಯ ಸಿಗುತ್ತದೆ. ನಿಜಕ್ಕೆ ಹತ್ತಿರವಾದ ನಕಲು. ಮುಂದೆ ಬರುವ ಊರಿಗೆ ತಕ್ಕ ಹೆಬ್ಬಾಗಿಲು.

ಅಲ್ಲಿಂದ ಮೇಲೆ ರಸ್ತೆ ಕಿರಿದಾಗುತ್ತದೆ, ತಡೆಗೋಡೆ ಮಾಯವಾಗುತ್ತದೆ, ಕೆಲವು ತಿರುವುಗಳಲ್ಲಿ ಗಂಟೆಗೆ ಇಪ್ಪತ್ನಾಲ್ಕು ಕಿಲೋಮೀಟರ್ ದಾಟಬಾರದು ಎಂಬ ಫಲಕ. ಹಿಂದಿನವರು ಇದನ್ನು ಹತ್ತುತ್ತಿದ್ದ ಬಗೆ ಸ್ವಾರಸ್ಯದ್ದು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗೆ. ಪಂಪು ಇರಲಿಲ್ಲ, ಇಂಧನ ತನ್ನ ಭಾರಕ್ಕೇ ಎಂಜಿನ್‌ಗೆ ಇಳಿಯಬೇಕು. ಕಡಿದಾದ ಏರಿನಲ್ಲಿ ಮೂತಿ ಮೇಲಾದರೆ ಎಂಜಿನ್ ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿ ಇಂಧನವೇ ತಲುಪದು. ಆಗ ಉಪಾಯವೆಂದರೆ ಗಾಡಿ ತಿರುಗಿಸಿ ಹಿಂದುಹಿಂದಕ್ಕೆ ಬೆಟ್ಟ ಹತ್ತುವುದು. ರಿವರ್ಸ್ ಗೇರಿನಲ್ಲಿ ಎಳೆತದ ಬಲವೂ ಹೆಚ್ಚು. ಧೈರ್ಯ ಸಾಲದವರು ಸ್ಥಳೀಯರಿಗೆ ದುಡ್ಡು ಕೊಟ್ಟು ಕಾರು ಹತ್ತಿಸಿಕೊಳ್ಳುತ್ತಿದ್ದರಂತೆ, ಇಲ್ಲವೇ ಎಳೆಸಿಕೊಳ್ಳುತ್ತಿದ್ದರಂತೆ. ಹೆಂಡತಿ ಮಕ್ಕಳು, ಸಾಮಾನು, ಜೀವಮಾನದ ಆಸೆ ಎಲ್ಲವನ್ನೂ ಹೇರಿಕೊಂಡು, ಪ್ರಪಾತಕ್ಕೆ ಮುಖ ಮಾಡಿ, ಬೆನ್ನು ಮುಂದಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದವರಿದ್ದಾರೆ ಎಂಬುದನ್ನು ಇಲ್ಲಿ ನಿಂತು ಯೋಚಿಸಿದರೆ ಏಸಿ ಕಾರಿನಲ್ಲಿ ಕೂತು ಗೊಣಗಲು ಸಂಕೋಚವಾಗುತ್ತದೆ.

ಸಿಟ್‌ಗ್ರೀವ್ಸ್ ಕಣಿವೆದಾರಿಯ ತುದಿ ಸುಮಾರು 3,550 ಅಡಿ ಎತ್ತರದಲ್ಲಿದೆ. ಅದಕ್ಕೆ ಸ್ವಲ್ಪ ಮೊದಲು ಬೆಟ್ಟದ ಪಕ್ಕದಲ್ಲಿ ಒರಟಾದ ಕಲ್ಲುಮೆಟ್ಟಿಲುಗಳು ಕಾಣುತ್ತವೆ. ಹತ್ತಿದರೆ ಒಂದು ಸಣ್ಣ ಒರತೆ, ಅದಕ್ಕೆ ಕಟ್ಟಿದ ಬೋಗುಣಿಯಂಥ ತೊಟ್ಟಿ, ತೊಟ್ಟಿಯಲ್ಲಿ ಹೊಂಬಣ್ಣದ ಮೀನು! ಶಾಫರ್ ಒರತೆ ಎನ್ನುತ್ತಾರೆ. ಕಾರಿನ ರೇಡಿಯೇಟರ್‌ಗೂ ಮನುಷ್ಯರ ಗಂಟಲಿಗೂ ಹಿಂದೆ ಇದೇ ಆಸರೆ. ತುದಿಯಲ್ಲಿ ನಿಂತರೆ ಅರಿಜೋನಾ, ಕ್ಯಾಲಿಫೋರ್ನಿಯಾ, ನೆವಾಡಾ ಮೂರೂ ರಾಜ್ಯಗಳ ಬೆಟ್ಟಗಳು ಒಂದರ ಹಿಂದೊಂದು ನೀಲಿ ಕಾಗದ ಹರಿದು ಅಂಟಿಸಿದಂತೆ. ರಸ್ತೆಯಂಚಿನಲ್ಲಿ ಶಿಲುಬೆಗಳು, ಪ್ಲಾಸ್ಟಿಕ್ ಹೂ, ಬೈಕ್ ಹೆಲ್ಮೆಟ್‌ಗಳು. ಅಪಘಾತದಲ್ಲಿ ಸತ್ತವರದ್ದಿರಬೇಕು ಎಂದುಕೊಂಡರೆ ಹೆಚ್ಚಿನವು ಹಾಗಲ್ಲ. ಈ ರಸ್ತೆಯನ್ನು ಪ್ರೀತಿಸಿದವರ ಬೂದಿಯನ್ನು ಮನೆಯವರು ತಂದು ಇಲ್ಲಿ ಚೆಲ್ಲಿಹೋಗುತ್ತಾರೆ.

ಇಳಿಜಾರಿನಲ್ಲಿ ಗೋಲ್ಡ್‌ರೋಡ್ ಎಂಬ ಊರಿತ್ತು. ಊರು ಎನ್ನಲು ಈಗ ಪಾಯದ ಕಲ್ಲುಗಳಷ್ಟೇ. ಗಣಿ ನಿಂತ ಮೇಲೆ ಖಾಲಿ ಕಟ್ಟಡಗಳಿಗೂ ತೆರಿಗೆ ಕಟ್ಟಬೇಕಾಗುತ್ತದೆಂದು 1949ರಲ್ಲಿ ಇಡೀ ಊರನ್ನು ಕೆಡವಿ ನೆಲಸಮ ಮಾಡಿದರು. ಇದೇ ಬೆಟ್ಟ, ಇದೇ ಚಿನ್ನ, ಇದೇ ರಸ್ತೆ. ಇಲ್ಲಿಂದ ಮೂರು ನಾಲ್ಕು ಕಿಲೋಮೀಟರ್ ಕೆಳಗಿನ ಓಟ್‌ಮನ್ ಮಾತ್ರ ಉಳಿಯಿತು.

"ಮಾವ, ಕಿಟಕಿ ಏರಿಸಿ. ಬಂದ್ವು."

ಊರಿನ ಮೊದಲ ತಿರುವಿನಲ್ಲೇ ಎರಡು ಕತ್ತೆಗಳು ರಸ್ತೆಗೆ ಅಡ್ಡ ನಿಂತಿದ್ದವು. ಹಾರನ್ ಹಾಕುವುದು ಇಲ್ಲಿ ಅಸಭ್ಯತೆ. ಹಾಕಿದರೂ ಕಿವಿ ಕೂಡ ಅಲ್ಲಾಡದು. ಒಂದು ನಿಧಾನವಾಗಿ ಬಂದು ನನ್ನ ಕಿಟಕಿಯ ಗಾಜಿಗೆ ಮೂತಿ ಒತ್ತಿತು. ಬಿಳಿ ಮೂತಿ, ಕಣ್ಣ ಸುತ್ತ ಬಿಳಿ ಉಂಗುರ, ಬೆನ್ನಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ಶಿಲುಬೆಯಂತೆ ಕಪ್ಪು ಪಟ್ಟೆ. ಉಸಿರಿಗೆ ಗಾಜು ಮಸುಕಾಯಿತು. ತಿನ್ನಲು ಏನೂ ಸಿಗದು ಎಂದು ಖಾತ್ರಿಯಾದ ಮೇಲೆ ಹಿಂದಿನ ಕಾರಿನ ತಪಾಸಣೆಗೆ ಹೋಯಿತು. ತಾಯಿಯ ಪಕ್ಕ ಮರಿಯೊಂದಿತ್ತು, ಅದರ ಹಣೆಯ ಮೇಲೆ ಸ್ಟಿಕ್ಕರ್: ನನಗೆ ತಿನ್ನಲು ಕೊಡಬೇಡಿ. ಹಾಲು ಕುಡಿಯುವ ಮರಿಗಳ ಬಾಯಿಗೆ ಪ್ರವಾಸಿಗರು ಕ್ಯಾರೆಟ್ ತುರುಕಿ, ಗಂಟಲಲ್ಲಿ ಸಿಕ್ಕಿಕೊಂಡು ಒದ್ದಾಡುತ್ತವೆಂದು ಊರಿನವರೇ ಕಂಡುಕೊಂಡ ದಾರಿ. ದೊಡ್ಡವಕ್ಕೆ ಅಂಗಡಿಗಳಲ್ಲಿ ಒಣಹುಲ್ಲಿನ ಗಟ್ಟಿಗಳನ್ನು ಮಾರುತ್ತಾರೆ. ಕತ್ತೆಗಳ ದಿನಚರಿಯೂ ಶಿಸ್ತಿನದು. ಬೆಳಿಗ್ಗೆ ಬೆಟ್ಟದಿಂದ ಇಳಿದು ಪ್ರವಾಸಿಗರು ಬರುವ ಹೊತ್ತಿಗೆ ಹಾಜರು, ಸಂಜೆ ಅಂಗಡಿ ಬಾಗಿಲು ಹಾಕುತ್ತಿದ್ದಂತೆ ವಾಪಸ್ಸು.

ಇವು ಸಾಕಿದ ಕತ್ತೆಗಳಲ್ಲ. ಗಣಿಗಳಿಗೆ ನೀರು, ಮರ, ಅದಿರು ಹೊರುತ್ತಿದ್ದ ಕತ್ತೆಗಳ ಸಂತತಿ. ಕೆಲಸ ನಿಂತಾಗ ಗಣಿಗಾರರು ಕೊಟ್ಟಿಗೆಯ ಬಾಗಿಲು ತೆಗೆದು ಬೆಟ್ಟಕ್ಕೆ ಅಟ್ಟಿಹೋದರು. ಅದಕ್ಕೂ ಮೊದಲು ಇದೇ ಸೀಮೆಯಲ್ಲಿ ಇನ್ನೊಂದು ಪ್ರಾಣಿಯನ್ನು ಪರೀಕ್ಷಿಸಿದ್ದರು. 1857ರಲ್ಲಿ ಎಡ್ವರ್ಡ್ ಬೀಲ್ ಎಂಬ ಅಧಿಕಾರಿ ಪಶ್ಚಿಮಕ್ಕೆ ಗಾಡಿದಾರಿ ಅಳೆಯುವಾಗ ಸರ್ಕಾರ ತರಿಸಿದ ಒಂಟೆಗಳನ್ನು ಜೊತೆಗೆ ಕರೆತಂದಿದ್ದ. ಒಂಟೆಗಳು ಚೆನ್ನಾಗಿಯೇ ದುಡಿದವು. ಆದರೆ ಅಂತರ್ಯುದ್ಧ ಶುರುವಾಗಿ ಆ ಪ್ರಯೋಗ ಮೂಲೆ ಸೇರಿತು. ಆ ಒಂಟೆಗಳನ್ನು ನೋಡಿಕೊಳ್ಳಲು ಬಂದಿದ್ದ ಹಾಜಿ ಅಲಿಯನ್ನು ಅಮೆರಿಕನ್ನರು 'ಹೈ ಜಾಲಿ' ಮಾಡಿದರು, ಅವನ ಸಮಾಧಿ ಅರಿಜೋನಾದ ಕ್ವಾರ್ಟ್‌ಸೈಟ್‌ನಲ್ಲಿದೆ. ಒಂಟೆಗಳು ಮರುಭೂಮಿಯಲ್ಲಿ ಕರಗಿಹೋದವು. ಕತ್ತೆ ಉಳಿಯಿತು.

ಉಳಿದದ್ದು ಸುಮ್ಮನೆ ಅಲ್ಲ. ದೇಹದ ತೂಕದ ಸುಮಾರು ಮೂರನೇ ಒಂದರಷ್ಟು ನೀರು ಕಳೆದುಕೊಂಡರೂ ಕತ್ತೆ ತಾಳಿಕೊಳ್ಳುತ್ತದೆ. ಸಿಕ್ಕಾಗ ಕೆಲವೇ ನಿಮಿಷಗಳಲ್ಲಿ ಕುಡಿದು ಸರಿದೂಗಿಸುತ್ತದೆ. ಒಣಗಿದ ಹಳ್ಳದ ಮರಳನ್ನು ಗೊರಸಿನಿಂದ ಕೆದರಿ ತಾನೇ ಬಾವಿ ತೋಡಿಕೊಳ್ಳುತ್ತದೆ. ಆ ಗುಂಡಿಗಳಿಂದ ಬೇರೆ ಕಾಡುಪ್ರಾಣಿಗಳೂ ನೀರು ಕುಡಿಯುತ್ತವೆ ಎಂಬುದನ್ನು 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿತು. ನಮ್ಮಲ್ಲಿ ಮಳೆ ಬಾರದಿದ್ದರೆ ಕತ್ತೆಗೆ ಮದುವೆ ಮಾಡುತ್ತಾರೆ. ನೀರಿಗೂ ಕತ್ತೆಗೂ ಇರುವ ನಂಟು ಅಲ್ಲಿ ಇನ್ನಷ್ಟು ನೇರ. ಆದರೆ ಎಲ್ಲರಿಗೂ ಅವು ಬೇಕಾದವುಗಳೇನಲ್ಲ. ಇದೇ ಬೆಟ್ಟಗಳಲ್ಲಿ ದೊಡ್ಡ ಸುರುಳಿ ಕೊಂಬಿನ ಕಾಡುಕುರಿಗಳಿವೆ, ಮೇವಿಗೂ ನೀರಿಗೂ ಪೈಪೋಟಿ. ಒಂದು ಕಾಲದಲ್ಲಿ ಕಾಡುಕತ್ತೆಗಳನ್ನು ಕಂಡಲ್ಲಿ ಗುಂಡಿಕ್ಕುತ್ತಿದ್ದರು. ವೆಲ್ಮಾ ಜಾನ್‌ಸ್ಟನ್ ಎಂಬ ನೆವಾಡಾದ ಮಹಿಳೆ ವರ್ಷಗಟ್ಟಲೆ ಹೋರಾಡಿ, ಶಾಲಾಮಕ್ಕಳಿಂದ ಸಂಸತ್ತಿಗೆ ರಾಶಿರಾಶಿ ಪತ್ರ ಬರೆಸಿದ ಮೇಲೆ 1971ರಲ್ಲಿ ಕಾಡುಕುದುರೆ ಮತ್ತು ಕಾಡುಕತ್ತೆಗಳ ರಕ್ಷಣೆಗೆ ಕೇಂದ್ರ ಕಾಯ್ದೆ ಬಂತು. ಈಗ ಓಟ್‌ಮನ್‌ನ ಕತ್ತೆಗೆ ಕೈ ಮಾಡಿದರೆ ಕೇಂದ್ರ ಸರ್ಕಾರದ ಜೊತೆ ವ್ಯವಹಾರ. ಸಂಖ್ಯೆ ಹೆಚ್ಚಾದಾಗ ಸರ್ಕಾರವೇ ಹಿಡಿಸಿ, ಬೇಕೆಂದವರಿಗೆ ಸಾಕಲು ಕೊಡುತ್ತದೆ.

ಇನ್ನು ಚಿನ್ನದ ಮಾತು. 1860ರ ದಶಕದಲ್ಲೇ ಈ ಬೆಟ್ಟಗಳಲ್ಲಿ ಚಿನ್ನದ ಸುಳಿವಿತ್ತು. ಊರಿನ ನಸೀಬು ತಿರುಗಿದ್ದು 1915ರಲ್ಲಿ, ಒಂದು ಕೋಟಿ ಡಾಲರ್ ಬೆಲೆಯ ಅದಿರು ಸಿಕ್ಕಾಗ. ಒಂದೇ ವರ್ಷದಲ್ಲಿ ಡೇರೆಗಳ ಶಿಬಿರ 3,500ಕ್ಕೂ ಹೆಚ್ಚು ಜನರ ಪಟ್ಟಣವಾಯಿತು. 1921ರಲ್ಲಿ ಬೆಂಕಿ ಬಿದ್ದು ಗುಡಿಸಲುಗಳು ಸುಟ್ಟವು. 1924ರಲ್ಲಿ ಯುನೈಟೆಡ್ ಈಸ್ಟರ್ನ್ ಎಂಬ ದೊಡ್ಡ ಗಣಿ ಬಾಗಿಲು ಹಾಕಿತು. 1934ರಲ್ಲಿ ಸರ್ಕಾರ ಚಿನ್ನದ ದರವನ್ನು ಔನ್ಸಿಗೆ 35 ಡಾಲರ್‌ಗೆ ಏರಿಸಿದಾಗ ಸ್ವಲ್ಪ ಜೀವ ಬಂತು. 1942ರ ಅಕ್ಟೋಬರ್‌ನಲ್ಲಿ, ಯುದ್ಧಕ್ಕೆ ತಾಮ್ರ ಬೇಕು, ಸೀಸ ಬೇಕು, ಚಿನ್ನ ಬೇಡ ಎಂದು ಅಮೆರಿಕ ತನ್ನ ಚಿನ್ನದ ಗಣಿಗಳನ್ನು ಮುಚ್ಚಿಸಿತು. ಅಷ್ಟರಲ್ಲಿ ಈ ಸೀಮೆಯಿಂದ ಹೊರಬಂದಿದ್ದ ಚಿನ್ನ ಸುಮಾರು ಇಪ್ಪತ್ತು ಲಕ್ಷ ಔನ್ಸ್, ಅಂದರೆ ಅರವತ್ತು ಟನ್‌ಗಿಂತ ತುಸು ಹೆಚ್ಚು.

ಕನ್ನಡಿಗನ ಕಿವಿಗೆ ಅದು ಚಿಲ್ಲರೆ. ಕೋಲಾರದ ಚಿನ್ನದ ಗಣಿ ಕೊಟ್ಟದ್ದು ಸುಮಾರು 800 ಟನ್. ಓಟ್‌ಮನ್ ಹೋಟೆಲ್ ಕಟ್ಟಿದ್ದು 1902ರಲ್ಲಿ ಎನ್ನುತ್ತಾರೆ. ಅದೇ ವರ್ಷ ಶಿವನಸಮುದ್ರದಿಂದ ಕೆಜಿಎಫ್‌ಗೆ ವಿದ್ಯುತ್ ಹರಿದಿತ್ತು, ಅದರ ವಿದ್ಯುತ್ ಯಂತ್ರಗಳು ಹೋಗಿದ್ದೂ ಅಮೆರಿಕದಿಂದಲೇ. "ಇಲ್ಲೂ ಯಶ್ ಸಿನಿಮಾ ಥರಾ ಸೈನೈಡ್ ಗುಡ್ಡ ಇದೆಯಾ?" ಎಂದು ಅಳಿಯ ಹುಡುಕತೊಡಗಿದ. ಬೂದುಬಣ್ಣದ ಗಣಿಕಸದ ರಾಶಿಗಳು ಬೆಟ್ಟದ ಮಗ್ಗುಲಲ್ಲಿದ್ದವು, ಅಷ್ಟು ಎತ್ತರದ್ದಲ್ಲ. ನನಗೆ ಹೊಳೆದ ವ್ಯತ್ಯಾಸ ಬೇರೆ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೂ ಜನ ಊರು ಬಿಡಲಿಲ್ಲ; ತಲೆಮಾರುಗಳಿಂದ ಇದ್ದ ಲೈನ್ ಮನೆಗಳಲ್ಲೇ ಉಳಿದು, ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಓಡಾಡತೊಡಗಿದರು. ಓಟ್‌ಮನ್‌ನಲ್ಲಿ ಜನ ಹೋದರು, ಕತ್ತೆಗಳು ಉಳಿದವು. ಹೀಗಾಗಿಯೇ ಓಟ್‌ಮನ್ ತನ್ನ ಗತಕಾಲವನ್ನು ಇಷ್ಟು ಹಗುರಾಗಿ ಮಾರಿಕೊಳ್ಳಬಲ್ಲದು. ಅಲ್ಲಿ ನೋಯುವವರು ಯಾರೂ ಉಳಿದಿಲ್ಲ.

ಮಾರಾಟವಂತೂ ಜೋರು. ಇರುವುದೇ ಒಂದು ಬೀದಿ, ಎರಡೂ ಕಡೆ ಮರದ ಹಲಗೆಯ ಜಗಲಿ, ಹಲಗೆಯ ಮೇಲೆ ಬೂಟಿನ ಸದ್ದು. ಚರ್ಮದ ಬೆಲ್ಟು, ಬೆಳ್ಳಿ ಉಂಗುರ, ಕತ್ತೆಯ ಚಿತ್ರದ ಟೀ ಶರ್ಟು. ಮಧ್ಯಾಹ್ನದ ಹೊತ್ತಿಗೆ ಕರಿಟೋಪಿ, ಉದ್ದ ಕೋಟು ತೊಟ್ಟ ಇಬ್ಬರು ಮುದುಕರು ರಸ್ತೆಯ ಮಧ್ಯೆ ನಿಂತು ಬ್ಯಾಂಕ್ ದರೋಡೆಯ ಹಣಕ್ಕಾಗಿ ಜಗಳ ತೆಗೆದರು. ಸಂಚಾರ ನಿಂತಿತು. ಖಾಲಿ ತೋಟಾಗಳು ಢಮಾರೆಂದವು. ಒಬ್ಬ ಬಹಳ ಹೊತ್ತು ತೆಗೆದುಕೊಂಡು ಸತ್ತ. ಪಕ್ಕದಲ್ಲಿದ್ದ ಕತ್ತೆ ಬಾಲ ಬೀಸಿತು, ಅಷ್ಟೆ. ಸತ್ತವನೇ ಎದ್ದು ಟೋಪಿ ಹಿಡಿದು ಧರ್ಮಾರ್ಥ ನಿಧಿಗೆ ಚಂದಾ ಎತ್ತಿದ. ನಾಟಕ ಎಂಬುದರಲ್ಲಿ ಮುಚ್ಚುಮರೆಯಿಲ್ಲ. 1962ರ 'ಹೌ ದ ವೆಸ್ಟ್ ವಾಸ್ ವನ್' ಚಿತ್ರದ ಕೆಲವು ದೃಶ್ಯಗಳನ್ನು ಇಲ್ಲಿ ತೆಗೆದಿದ್ದರು. ಊರು ಸಿನಿಮಾದಂತೆ ಕಾಣುತ್ತದೋ, ಸಿನಿಮಾ ಊರಿನಂತೆ ಕಂಡಿತ್ತೋ, ಈಗ ಬಿಡಿಸಲಾಗದು.

ಓಟ್‌ಮನ್ ಹೋಟೆಲ್ ಎರಡಂತಸ್ತಿನ ಮಣ್ಣಿಟ್ಟಿಗೆಯ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಕಂಬ, ಸೂರು ಎಲ್ಲವೂ ಹಸಿರು. ಬಂದವರು ಹೆಸರು ಬರೆದು ಅಂಟಿಸಿದ ಒಂದೊಂದು ಡಾಲರ್ ನೋಟುಗಳು, ಒಂದರ ಮೇಲೊಂದು ಪದರಪದರವಾಗಿ. ಫ್ಯಾನಿನ ಗಾಳಿಗೆ ಸೂರು ಪಟಪಟ ಎನ್ನುತ್ತದೆ. ಗಣಿ ಕೆಲಸಗಾರರು ಸಂಬಳದ ದಿನ ಹೆಸರು ಬರೆದ ನೋಟನ್ನು ಗೋಡೆಗೆ ಚುಚ್ಚಿಡುತ್ತಿದ್ದರಂತೆ, ಕೈ ಖಾಲಿಯಾದಾಗ ಅದನ್ನೇ ಕಿತ್ತು ಕುಡಿಯಲು. ಹಾಲಿವುಡ್‌ನ ಕ್ಲಾರ್ಕ್ ಗೇಬಲ್ ಮತ್ತು ಕ್ಯಾರೋಲ್ ಲೊಂಬಾರ್ಡ್ ಮಧುಚಂದ್ರದ ರಾತ್ರಿ ಕಳೆದದ್ದು ಇಲ್ಲೇ ಎಂದು ಒಂದು ಕೋಣೆ ತೋರಿಸುತ್ತಾರೆ. 1939ರ ಮಾರ್ಚ್ 29ರಂದು ಅವರು ಕಿಂಗ್‌ಮನ್‌ನಲ್ಲಿ ಮದುವೆಯಾದದ್ದು ನಿಜ. ಇಲ್ಲಿ ತಂಗಿದ್ದರು ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಓಟಿ ಎಂಬ ದೆವ್ವ ಮಾತ್ರ ಖಾಯಂ ನಿವಾಸಿಯಂತೆ. ಈ ಕಥೆಗಳ ಬಗ್ಗೆ ನನಗೆ ತಕರಾರಿಲ್ಲ. ಸುಳ್ಳೆಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು.

ತಕರಾರಿರುವುದು ಊರಿನ ಹೆಸರಿನ ಕಥೆಯಲ್ಲಿ. ಆಲಿವ್ ಓಟ್‌ಮನ್ ಹದಿಹರೆಯಕ್ಕೆ ಕಾಲಿಟ್ಟಿದ್ದ ಹುಡುಗಿ. 1851ರಲ್ಲಿ ಅವಳ ಕುಟುಂಬ ಪಶ್ಚಿಮಕ್ಕೆ ಹೋಗುವಾಗ ಹೀಲಾ ನದಿಯ ಬಳಿ ದಾಳಿಯಾಗಿ ತಂದೆತಾಯಿ ಸತ್ತರು. ಆಲಿವ್ ಮತ್ತು ತಂಗಿ ಮೇರಿ ಆ್ಯನ್ ಸೆರೆಯಾದರು. ವರ್ಷದ ನಂತರ ಕೊಲರಾಡೊ ನದಿ ದಂಡೆಯ ಮೊಹಾವೆ ಜನ ಅವರಿಬ್ಬರನ್ನು ಪಡೆದುಕೊಂಡರು. ಬರಗಾಲದಲ್ಲಿ ತಂಗಿ ಹಸಿವಿನಿಂದ ಸತ್ತಳು. 1856ರಲ್ಲಿ ಆಲಿವ್ ಬಿಳಿಯರ ಬಳಿಗೆ ಮರಳಿದಾಗ ಅವಳ ಗದ್ದದ ಮೇಲೆ ನೀಲಿ ಹಚ್ಚೆಯ ಗೆರೆಗಳಿದ್ದವು. ರಾಯಲ್ ಸ್ಟ್ರಾಟನ್ ಎಂಬ ಪಾದ್ರಿ ಅವಳ ಕಥೆಯನ್ನು 1857ರಲ್ಲಿ ಪುಸ್ತಕ ಮಾಡಿದ, ಬಿಸಿಬಿಸಿಯಾಗಿ ಖರ್ಚಾಯಿತು. ಹಚ್ಚೆಯೆಂದರೆ ಗುಲಾಮಳ ಗುರುತು ಎಂದು ಓದುಗರು ನಂಬಿದರು. ಮಾರ್ಗೊ ಮಿಫ್ಲಿನ್ ಎಂಬ ಲೇಖಕಿ 2009ರ ತಮ್ಮ ಪುಸ್ತಕದಲ್ಲಿ ಬೇರೆಯದೇ ಹೇಳುತ್ತಾರೆ. ಮೊಹಾವೆ ಜನ ಆ ಹಚ್ಚೆ ಹಾಕುತ್ತಿದ್ದುದು ತಮ್ಮವರಿಗೆ, ಸತ್ತ ಮೇಲೆ ಹಿರಿಯರು ಗುರುತು ಹಿಡಿಯಲೆಂದು. ಅವರ ಮಟ್ಟಿಗೆ ಆಲಿವ್ ಮನೆಮಗಳಾಗಿದ್ದಳು. ಅವಳಿಗೆ ಏನನ್ನಿಸಿತ್ತು? ಮರಳಿ ಬಂದಮೇಲೆ ಭಾಷಣದ ವೇದಿಕೆಗಳಲ್ಲಿ ಅವಳು ಹೇಳಬೇಕಿದ್ದುದು ಪುಸ್ತಕದ ಕಥೆಯನ್ನೇ. ಮುಂದೆ ಮದುವೆಯಾಗಿ ಟೆಕ್ಸಸ್‌ನಲ್ಲಿ ನೆಲೆಸಿ 1903ರಲ್ಲಿ ತೀರಿಕೊಂಡಳು. 1909ರಲ್ಲಿ ವಿವಿಯನ್ ಎಂಬ ಈ ಗಣಿ ಊರಿಗೆ ಅವಳ ಕುಟುಂಬದ ಹೆಸರಿಟ್ಟರು. ಊರಿನ ಅಂಗಡಿಗಳಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಸೆರೆಯ ಕಥೆ. ಬೆಟ್ಟ ಇಳಿದರೆ ಕೊಲರಾಡೊ ನದಿ ದಂಡೆಯಲ್ಲಿ ಮೊಹಾವೆ ಜನ ಈಗಲೂ ಇದ್ದಾರೆ. ಅವರ ಕಡೆಯ ಕಥೆಗೂ ಒಂದು ಗೋಡೆ ಬಿಟ್ಟಿದ್ದರೆ ಡಾಲರ್ ನೋಟಿಗೆ ಜಾಗ ಕಡಿಮೆಯೇನೂ ಆಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಇಲ್ಲಿಗೆ ಬರುವುದು ಹುಂಬತನ. ಆದರೂ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ, ಜನ ಬೇಕೆಂದೇ ಬರುತ್ತಾರೆ. ಅಂದು ಬೀದಿಯಲ್ಲಿ ಮೊಟ್ಟೆ ಹುರಿಯುವ ಸ್ಪರ್ಧೆ. ಒಲೆಯಿಲ್ಲ, ಬರೀ ಬಿಸಿಲು. ಕನ್ನಡಿ, ಭೂತಗನ್ನಡಿ, ಹಾಳೆ ಏನು ಬೇಕಾದರೂ ಬಳಸಿ ಹದಿನೈದು ನಿಮಿಷದಲ್ಲಿ ಹುರಿಯಬೇಕು. ಬಿಸಿಲನ್ನು ಶಾಪವೆಂದು ಬೈಯುತ್ತ ಕೂರದೆ ಅದಕ್ಕೂ ಟಿಕೆಟ್ಟಿಲ್ಲದ ಜಾತ್ರೆ ಮಾಡಿದ ಊರು ಇದು.

ಇದೆಲ್ಲಕ್ಕೂ ಬುನಾದಿ 1952. ಬೆಟ್ಟ ಹತ್ತುವ ಗೋಜೇ ಬೇಡವೆಂದು ಆ ವರ್ಷ ಹೆದ್ದಾರಿಯನ್ನು ಯಕ್ಕಾ ಎಂಬ ಊರಿನ ಕಡೆಯಿಂದ ಬಯಲಿನಲ್ಲಿ ಸುತ್ತಿಸಿದರು. ಗಣಿ ಮೊದಲೇ ಹೋಗಿತ್ತು, ಈಗ ರಸ್ತೆಯೂ ಹೋಯಿತು. ಊರು ಹೆಚ್ಚುಕಡಿಮೆ ಖಾಲಿಯಾಯಿತು. ಆದರೆ ಖಾಲಿಯಾದದ್ದರಿಂದಲೇ ಯಾರೂ ರಸ್ತೆ ಅಗಲ ಮಾಡಲಿಲ್ಲ, ತಿರುವು ನೇರ ಮಾಡಲಿಲ್ಲ, ಹಳೆಯ ಕಟ್ಟಡ ಒಡೆದು ಮೋಟೆಲ್ ಕಟ್ಟಲಿಲ್ಲ. ಹೆದ್ದಾರಿ ಇಲಾಖೆಗೆ ಬೇಡವಾದ ರಸ್ತೆ, ಗಣಿ ಕಂಪನಿಗೆ ಬೇಡವಾದ ಕತ್ತೆ: ಇವತ್ತು ಊರಿನ ಆದಾಯ ಈ ಎರಡರಿಂದಲೇ. ಬೆಲೆಬಾಳುವುದೆಂದು ಎಲ್ಲರೂ ಹೊಡೆದಾಡಿದ ಚಿನ್ನದಿಂದ ಊರಿಗೆ ಈಗ ಕಾಸಿನ ಉಪಯೋಗವಿಲ್ಲ.

ಹಾಗೆಂದು ಚಿನ್ನ ಮುಗಿದಿಲ್ಲ. ದರ ಏರಿದಾಗೆಲ್ಲ ಈ ಬೆಟ್ಟಗಳಲ್ಲಿ ಕೊರೆಯುವ ಯಂತ್ರದ ಸದ್ದು ಕೇಳುತ್ತದೆ. ಗೋಲ್ಡ್‌ರೋಡ್ ಗಣಿ 1990ರ ದಶಕದಲ್ಲಿ ತೆರೆದು ಮುಚ್ಚಿತು, ಮತ್ತೆ ತೆರೆಯಿತು. ಹತ್ತಿರದ ಮಾಸ್ ಗಣಿಯಲ್ಲಿ 2018ರಲ್ಲಿ ಉತ್ಪಾದನೆ ಶುರುವಾಯಿತು. ತೆರೆದ ಗುಂಡಿ ತೋಡಿ, ಪುಡಿ ಮಾಡಿದ ಅದಿರಿನ ರಾಶಿಯ ಮೇಲೆ ಸೈನೈಡ್ ದ್ರಾವಣ ಹಾಯಿಸಿ ಚಿನ್ನ ಇಳಿಸುವ ವಿಧಾನ. ಅಂಥ ಗಣಿಗೆ ಊರು ಬೇಕಿಲ್ಲ. ಪಕ್ಕಕ್ಕೆ ಬುಲ್‌ಹೆಡ್ ಸಿಟಿಯಂಥ ದೊಡ್ಡ ಪಟ್ಟಣವಿರುವಾಗ ಕೆಲಸಗಾರರು ಓಟ್‌ಮನ್‌ನಲ್ಲಿ ಮನೆ ಹುಡುಕುವುದೂ ಇಲ್ಲ, ಹೊರೆಗೆ ಕತ್ತೆ ಹುಡುಕು​ವುದೂ ಇಲ್ಲ.

ಹೋಗುವವರಿಗೆ: ಅಕ್ಟೋಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಕಿಂಗ್‌ಮನ್‌ನಿಂದ ಬೆಳಿಗ್ಗೆ ಬೇಗ ಹೊರಟರೆ ಬಿಸಿಲು ಬೆನ್ನಿಗಿರುತ್ತದೆ, ಬೆಟ್ಟದ ಬಣ್ಣ ಚೆನ್ನಾಗಿ ಕಾಣುತ್ತದೆ. ಓಟ್‌ಮನ್ ಹೋಟೆಲ್ ಎಂಬ ಹೆಸರಿದ್ದರೂ ಅಲ್ಲಿ ಊಟ ಸಿಗುತ್ತದೆ, ಕೋಣೆ ಸಿಗುವುದಿಲ್ಲ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡರೆ ಕ್ಷೇಮ, ಆದರೆ ಬೀದಿಯಲ್ಲಿ ನಿಂತು ಬಿಚ್ಚಬೇಡಿ, ಪಾಲು ಕೇಳುವವರಿದ್ದಾರೆ. ಮೊಬೈಲ್ ಸಿಗ್ನಲ್ ಬೆಟ್ಟದಲ್ಲಿ ನೆಚ್ಚಿಕೊಳ್ಳುವಂತಿಲ್ಲ. ನೀರು ಬೇಕಾದ್ದಕ್ಕಿಂತ ಹೆಚ್ಚೇ ಇರಲಿ. ಬಂದ ದಾರಿಯಲ್ಲೇ ಮರಳಬೇಕೆಂದಿಲ್ಲ, ದಕ್ಷಿಣಕ್ಕೆ ಇಳಿದರೆ ಟೋಪಾಕ್ ಬಳಿ ಕೊಲರಾಡೊ ನದಿ ಮತ್ತು ಹೆದ್ದಾರಿ 40 ಸಿಗುತ್ತವೆ. ಪೆಟ್ರೋಲನ್ನು ಮಾತ್ರ ಕಿಂಗ್‌ಮನ್‌ನಲ್ಲೇ ತುಂಬಿಸಿಕೊಳ್ಳಿ. ಓಟ್‌ಮನ್‌ನಲ್ಲಿ ಈಗ ಒಂದು ಬಂಕೂ ಇಲ್ಲ.